ಗಾಳಿಯಲ್ಲಿ ವಿಕಿರಣಶೀಲ ಕಣ ಸಿಕ್ಕರೆ ಅಪಾಯವೆಂದೇ ಅರ್ಥವೇ?

ಪ್ರಶ್ನೆ: ಫಿನ್ಲೆಂಡಿನ ಗಾಳಿಯಲ್ಲಿ ಸೀಸಿಯಂ ಎಂಬ ವಿಕಿರಣಶೀಲ ವಸ್ತು ಪತ್ತೆಯಾಯಿತೆಂದು ಓದಿದೆ. ಅಂದಮೇಲೆ ಅಲ್ಲಿನ ಜನ ಹೆದರಬೇಕಲ್ಲವೇ?

ಉತ್ತರ: ಅದನ್ನು ತೀರ್ಮಾನಿಸುವುದು ಸಿಕ್ಕಿದ್ದರ ಪ್ರಮಾಣ. ಫಿನ್ಲೆಂಡಿನ ವಿಕಿರಣ ಸುರಕ್ಷತಾ ಪ್ರಾಧಿಕಾರವಾದ ಸ್ಟುಕ್, ದಕ್ಷಿಣದ ಹೆಲ್ಸಿಂಕಿಯಿಂದ ಉತ್ತರದ ಇವಾಲೊವರೆಗೆ ಎಂಟು ಊರುಗಳಲ್ಲಿ ಗಾಳಿ ಸೋಸುವ ಕೇಂದ್ರಗಳನ್ನು ಇಟ್ಟುಕೊಂಡಿದೆ. ಅಲ್ಲಿನ ಪಂಪುಗಳು ಗಂಟೆಗೆ ನೂರಾರು ಘನ ಮೀಟರ್ ಗಾಳಿಯನ್ನು ಗಾಜಿನ ನಾರಿನ ಫಿಲ್ಟರಿನ ಮೂಲಕ ಎಳೆಯುತ್ತವೆ. ಅನಿಲರೂಪದ ಅಯೋಡಿನ್ ಈ ನಾರಿಗೆ ಸಿಗದ ಕಾರಣ ಅದಕ್ಕೆಂದು ಇದ್ದಿಲಿನ ಫಿಲ್ಟರ್ ಬೇರೆ ಇರುತ್ತದೆ. ತೆಗೆದ ಫಿಲ್ಟರಿನಲ್ಲಿ ಮೊದಲು ಮಿನುಗುವುದು ನೆಲದಿಂದ ಸಹಜವಾಗಿ ಹೊಮ್ಮುವ ವಿಕಿರಣಶೀಲ ಅನಿಲವಾದ ರೇಡಾನಿನಿಂದ ಹುಟ್ಟುವ ಅಲ್ಪಾಯುಷಿ ಪರಮಾಣುಗಳಾದ್ದರಿಂದ, ಅವು ಕ್ಷಯಿಸಲೆಂದು (ವಿಕಿರಣ ಸೂಸಿ ಬೇರೆ ಪರಮಾಣುಗಳಾಗಲೆಂದು) ಕಾದು, ಆಮೇಲೆ ಗಾಮಾ ಕಿರಣಗಳ ಶಕ್ತಿಯನ್ನು ಅಳೆಯುವ ಜರ್ಮೇನಿಯಂ ಡಿಟೆಕ್ಟರಿನ ಮುಂದಿಟ್ಟು ದೀರ್ಘಕಾಲ ಅಳೆಯುತ್ತಾರೆ. ಪ್ರತಿ ವಿಕಿರಣಶೀಲ ಪರಮಾಣುವಿನ ಗಾಮಾ ಕಿರಣಕ್ಕೂ ತನ್ನದೇ ಶಕ್ತಿಯಿದೆ. 662 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಬಳಿ ಗೆರೆ ಎದ್ದರೆ ಅದು ಸೀಸಿಯಂ-137.

ಈ ಅಳತೆಯ ಸೂಕ್ಷ್ಮತೆಯನ್ನು ಮನಗಾಣದೆ ಸುದ್ದಿಯನ್ನು ಓದಬಾರದು. ಒಂದು ಘನ ಮೀಟರಿಗೆ ಒಂದು ಮೈಕ್ರೋಬೆಕ್ವೆರೆಲ್ ಎಂದರೆ, ಅಷ್ಟು ಗಾಳಿಯಲ್ಲಿ ಸರಾಸರಿ ಹನ್ನೊಂದೂವರೆ ದಿನಕ್ಕೊಮ್ಮೆ ಒಂದೇ ಒಂದು ಪರಮಾಣು ಕ್ಷಯಿಸುತ್ತದೆ. ಅದೇ ಗಾಳಿಯಲ್ಲಿ ರೇಡಾನ್ ಸೆಕೆಂಡಿಗೆ ಹಲವು ಬಾರಿ, ಅಂದರೆ ಹತ್ತು ಲಕ್ಷ ಪಟ್ಟಿಗೂ ಮಿಗಿಲಾಗಿ, ಕ್ಷಯಿಸುತ್ತಿರುತ್ತದೆ. 1986ರ ಚೆರ್ನೋಬಿಲ್ ದುರಂತದಲ್ಲಿ ಬಿದ್ದ ಸೀಸಿಯಂ ಧೂಳಿನೊಡನೆ ಮೇಲೆದ್ದು ಇಂದಿಗೂ ಈ ಫಿಲ್ಟರುಗಳಿಗೆ ಸಿಗುತ್ತದೆ. ದೇಶದಾದ್ಯಂತ ಇರುವ ಇನ್ನೂರಕ್ಕೂ ಹೆಚ್ಚು ಸ್ವಯಂಚಾಲಿತ ವಿಕಿರಣ ಮಾಪಕಗಳು ತುರ್ತು ಎಚ್ಚರಿಕೆಗೆ ಅನಿವಾರ್ಯ. ಆದರೆ ಇಷ್ಟು ಕಡಿಮೆ ಪ್ರಮಾಣ ಅವುಗಳ ಗಮನಕ್ಕೇ ಬಾರದು.

ಹಾಗಾದರೆ ನಿರಪಾಯಕಾರಿಯಾದದ್ದನ್ನು ಇಷ್ಟು ಶ್ರಮಪಟ್ಟು ಹುಡುಕುವುದೇಕೆ? ಯಾರೂ ಹೇಳದ ಸೋರಿಕೆಯನ್ನೂ ಇದು ಬಯಲಿಗೆಳೆಯುತ್ತದೆ ಎಂಬುದೇ, ನನ್ನ ದೃಷ್ಟಿಯಲ್ಲಿ, ಅತಿ ಮುಖ್ಯ ಕಾರಣ. 2020ರ ಜೂನಿನಲ್ಲಿ ಹೆಲ್ಸಿಂಕಿಯ ಫಿಲ್ಟರಿನಲ್ಲಿ ಕೋಬಾಲ್ಟ್-60, ರುಥೇನಿಯಂ-103, ಸೀಸಿಯಂ-134 ಮತ್ತು 137 ಒಟ್ಟಿಗೆ ಕಂಡಾಗ, ಆ ಮಿಶ್ರಣವೇ ಪರಮಾಣು ರಿಯಾಕ್ಟರಿನತ್ತ ಬೊಟ್ಟು ಮಾಡಿತು. 2017ರ ಶರತ್ಕಾಲದಲ್ಲಿ ಯೂರೋಪಿನ ಹಲವು ದೇಶಗಳಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ರುಥೇನಿಯಂ-106 ಒಂದೇ. ರಿಯಾಕ್ಟರ್ ಒಡೆದಿದ್ದರೆ ಸೀಸಿಯಂ, ಅಯೋಡಿನ್‌ಗಳೂ ಬರಬೇಕಿತ್ತು. ಹೀಗಾಗಿ ರಿಯಾಕ್ಟರಿನಲ್ಲಿ ಬಳಸಿದ ಇಂಧನದಿಂದ ಉಪಯುಕ್ತ ವಸ್ತುಗಳನ್ನು ಬೇರ್ಪಡಿಸುವ ಮರುಸಂಸ್ಕರಣೆಯ ಮೇಲೆ ಅನುಮಾನ ಹೋಯಿತು. ಗಾಳಿ ಬಂದ ದಾರಿಯನ್ನು ಹಿಂದಕ್ಕೆ ಲೆಕ್ಕಹಾಕಿದ ವಿಜ್ಞಾನಿಗಳು ರಷ್ಯಾದ ದಕ್ಷಿಣ ಯುರಲ್ ಪ್ರದೇಶವನ್ನು ತೋರಿಸಿದರು. ಅಲ್ಲಿನ ಮಾಯಾಕ್ ಮರುಸಂಸ್ಕರಣಾ ಸ್ಥಾವರಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ರಷ್ಯಾ ನಿರಾಕರಿಸಿತು.