ಕುಯ್ದಿದ್ದು ಬ್ಲೇಡ್ ಅಲ್ಲಪ್ಪಾ, ನಿನ್ ಕೈ

ಮಂಗಳವಾರ ನಮ್ಮ ಸಲೂನಿಗೆ ರಜೆ. ಬುಧವಾರ ಬೆಳಿಗ್ಗೆ ಶಟರ್ ಎತ್ತೋ ಹೊತ್ತಿಗೆ ಬಾಗಿಲಲ್ಲಿ ಒಬ್ರಾದ್ರೂ ನಿಂತಿರ್ತಾರೆ, ಗದ್ದದ ಮೇಲೆ ಪೇಪರ್ ಚೂರು ಅಂಟಿಸ್ಕೊಂಡು. ಏನಾಯ್ತು ಅಂತ ಕೇಳೋದೇ ಬೇಡ. ಈಗೊಂದು ಮೂರ್ನಾಲ್ಕು ವರ್ಷದಿಂದ ಇದ್ರಲ್ಲಿ ಕಾಲೇಜ್ ಹುಡುಗರು, ಸಾಫ್ಟ್‌ವೇರ್ ಹುಡುಗರೇ ಜಾಸ್ತಿ, ವಿಡಿಯೋ ನೋಡಿ ಎರಡಂಚಿನ ಬ್ಲೇಡ್ ಹಾಕೋ ಸೇಫ್ಟಿ ರೇಜರ್ ತರಿಸ್ಕೊಳ್ತಾರೆ, ಮೊದಲ ದಿನವೇ ಕುಯ್ಕೊಳ್ತಾರೆ, ಆಮೇಲೆ ನನ್ ಹತ್ರ ಬಂದು "ಅಣ್ಣಾ, ಬ್ಲೇಡ್ ವಿಪರೀತ ಶಾರ್ಪು, ಸ್ವಲ್ಪ ಮೊಂಡು ಇರೋದು ಯಾವ್ದಾದ್ರೂ ಇದ್ರೆ ಹೇಳಿ" ಅಂತಾರೆ.

ಮೊಂಡು ಬ್ಲೇಡ್ ಬೇಕಂತೆ! ಕುಯ್ದಿದ್ದು ಬ್ಲೇಡ್ ಅಲ್ಲಪ್ಪಾ, ನಿನ್ ಕೈ. ನೀನು ಒತ್ತಿದೀಯ.

ಇದೊಂದನ್ನ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ಎರಡು ಬ್ಲೇಡು ಮೂರು ಬ್ಲೇಡು ಅಂತ ಬರೋ ಕಾರ್ಟ್ರಿಡ್ಜ್ ರೇಜರಿನ ತಲೆ ಅಲ್ಲಾಡುತ್ತೆ. ನೀವು ಒತ್ತಿದ್ರೆ ಅದು ಹಿಂದಕ್ಕೆ ವಾಲಿ ಕೆನ್ನೆಗೆ ಹೊಂದ್ಕೊಳ್ಳುತ್ತೆ, ಹಾಗಾಗಿ ವರ್ಷಗಟ್ಟಲೆ ಒತ್ತಿ ಒತ್ತಿ ಕೈಗೆ ಅದೇ ಚಾಳಿ ಆಗಿರುತ್ತೆ. ಸೇಫ್ಟಿ ರೇಜರಿನ ತಲೆ ಅಲ್ಲಾಡಲ್ಲ. ಅದ್ರಲ್ಲಿರೋದು 0.1 ಮಿಲಿಮೀಟರ್ ದಪ್ಪದ ತಗಡು, ಅದನ್ನ ಮೇಲಿನ ಮುಚ್ಚಳಕ್ಕೂ ಕೆಳಗಿನ ತಟ್ಟೆಗೂ ಮಧ್ಯೆ ಬಗ್ಗಿಸಿ ಬಿಗಿದಿರ್ತಾರೆ, ಬಗ್ಗಿದ್ದಕ್ಕೇ ಅದಕ್ಕೊಂದು ಗಟ್ಟಿತನ ಬರೋದು. ಅಂಚಿಗೂ ಕೆಳಗಿನ ಪಟ್ಟಿಗೂ ಮಧ್ಯೆ ಒಂದು ಸಣ್ಣ ಸಂದಿ ಇರುತ್ತೆ. ಒತ್ತಿದ್ರೆ ಚರ್ಮ ಆ ಸಂದಿಯೊಳಕ್ಕೆ ಉಬ್ಬುತ್ತೆ. ಉಬ್ಬಿದ್ದನ್ನ ಬ್ಲೇಡ್ ಬಿಡುತ್ತಾ?

ಮೊಂಡು ಬ್ಲೇಡಲ್ಲಿ ಇದು ಇನ್ನೂ ಜಾಸ್ತಿ. ಕೂದಲು ಕುಯ್ಯೋ ಬದಲು ಎಳೆಯುತ್ತೆ, ನೀವು ಗೊತ್ತಿಲ್ದೇ ಇನ್ನಷ್ಟು ಒತ್ತುತೀರಾ, ಅದೇ ಜಾಗದಲ್ಲಿ ನಾಲ್ಕು ಸಲ ಎಳೀತೀರಾ, ಸಾಯಂಕಾಲದ ಹೊತ್ತಿಗೆ ಕತ್ತೆಲ್ಲಾ ಕೆಂಪು ಗುಳ್ಳೆ. ಅದಕ್ಕೇ ಹೇಳೋದು, ಚೂಪು ಬ್ಲೇಡು ಹಗುರ ಕೈ, ಇಷ್ಟೇ.

ಇನ್ನು ಕೆಲವರು ಸೇಫ್ಟಿ ಅಂತ ಹೆಸರಿದೆಯಲ್ಲ ಅಂತ ನನ್ ಜೊತೆ ವಾದಕ್ಕೇ ನಿಲ್ತಾರೆ. ನಮ್ಮ ತಾತ ಹಿಡೀತಿದ್ದ ಉದ್ದದ ಕತ್ತಿ ಇದೆಯಲ್ಲ, ಅದರ ಮುಂದೆ ಸೇಫ್ಟಿ ಅಂತ ಸ್ವಾಮಿ. ಅಮೆರಿಕದ ಜಿಲೆಟ್ ಕಂಪನಿ 1903ರಲ್ಲಿ ಇದನ್ನ ಮಾರೋಕೆ ಇಟ್ಟಾಗ ಆ ವರ್ಷ ಹೋಗಿದ್ದು 51 ರೇಜರು, 168 ಬ್ಲೇಡು. ಮಾರನೇ ವರ್ಷ ರೇಜರೇ 90,000 ದಾಟ್ತು. ನಮ್ಮ ಕಸುಬಿಗೆ ಹೊಡೆತ ಕೊಟ್ಟಿದ್ದೇ ಆ ಬ್ಲೇಡು, ಈಗ ನಾವೂ ಅದನ್ನೇ ಕಾಗದದ ಸಮೇತ ಮಧ್ಯಕ್ಕೆ ಬಗ್ಗಿಸಿ ಟಕ್ ಅಂತ ಮುರಿದು ಗಿರಾಕಿಗೆ ಅರ್ಧರ್ಧ ಹಾಕ್ತೀವಿ. ಇರಲಿ.

ರೇಜರ್ ಯಾವ್ದು ತಗೋಬೇಕು ಅಂದ್ರೆ, ತೂಕ ಇರೋದು ತಗೊಳ್ಳಿ. ತಗಡಿನಂಥ ಹಗುರ ರೇಜರ್ ಕೈಗೆ ಬಂದ್ರೆ ಒತ್ತೋಣ ಅನ್ಸುತ್ತೆ, ಎಪ್ಪತ್ತು ಎಂಬತ್ತು ಗ್ರಾಂ ಇದ್ರೆ ಅದರ ಭಾರಕ್ಕೇ ಅದು ಇಳ್ಕೊಂಡು ಹೋಗುತ್ತೆ. ಅಂಚಿನ ಕೆಳಗೆ ಹಲ್ಲು ಹಲ್ಲಾಗಿರೋದು, ತಲೆ ಓರೆ ಇರೋದು ಈಗ್ಲೇ ಬೇಡ, ನೇರ ಪಟ್ಟಿ ಇರ್ಲಿ. ದುಡ್ಡಿದ್ದೋರು ಮೆರ್ಕರ್ 34ಸಿ, ಮ್ಯೂಲೆ ಆರ್89 ಅಂತ ಜರ್ಮನಿದು ತಗೊಳ್ತಾರೆ, ಎರಡೂ ಸಾಧು. ಆದ್ರೆ ಆರ್89 ಅಂತ ಹೋಗಿ ಆರ್41 ತರಿಸ್ಕೋಬೇಡಿ, ಹಿಡಿ ನೋಡೋಕೆ ಒಂದೇ ತರ ಇರುತ್ತೆ, ತಲೆ ಬೇರೆ, ಅದು ಕೈ ಪಳಗಿದೋರಿಗೆ. ನಮ್ಮೂರಲ್ಲೇ ಸಿಗೋ ಕಮ್ಮಿ ರೇಟಿನ ರೇಜರಲ್ಲೂ ಒಳ್ಳೇವಿವೆ, ಬ್ಲೇಡ್ ಹಾಕಿ ಬಿಗಿದ್ಮೇಲೆ ಎರಡೂ ಕಡೆ ಅಂಚು ಒಂದೇ ಸಮ ಕಾಣುತ್ತಾ ನೋಡ್ಕೊಳ್ಳಿ ಸಾಕು.

ಬ್ಲೇಡು ಮಾತ್ರ ಮೊದಲ್ನೇ ದಿನವೇ ನೂರರ ಬಾಕ್ಸ್ ತರಬೇಡಿ. ನನ್ ಮುಖಕ್ಕೆ ಒಗ್ಗಿದ್ದು ನಿಮಗೆ ಒಗ್ಗುತ್ತೆ ಅಂತ ನಾನೂ ಹೇಳೋಕಾಗಲ್ಲ. ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್, ಟೋಪಾಜ್, ಹೀಗೆ ಐದೈದರ ಪ್ಯಾಕ್ ಮೂರ್ನಾಲ್ಕು ತರದ್ದು ತಗೊಂಡು, ರೇಜರು ಸೋಪು ಬದಲಾಯಿಸ್ದೇ ಒಂದೊಂದನ್ನೇ ನೋಡಿ. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಉರಿ ಯಾವ್ದರಿಂದ ಬಂತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಜಪಾನಿನ ಫೆದರ್ ಒಳ್ಳೇದೇ, ಅತೀ ಚೂಪು, ಒಂದೆರಡು ತಿಂಗಳು ಕಳೀಲಿ. ಒಂದು ಬ್ಲೇಡಿಗೆ ನಾಲ್ಕೈದು ಶೇವ್, ಎಳೆಯೋಕೆ ಶುರುವಾದ್ರೆ ಅದಕ್ಕೂ ಮುಂಚೆ ಬಿಸಾಕಿ. ಒಂದು ಟೀ ದುಡ್ಡೂ ಇಲ್ಲದ ಬ್ಲೇಡಿಗೆ ಇಷ್ಟೊಂದು ಪ್ರೀತಿ ಯಾಕೆ ಅಂತೀನಿ.

ನೊರೆ ಬಗ್ಗೆ ಒಂದೇ ಮಾತು, ನಮ್ಮ ತುಮಕೂರು ಕಡೆ ಬೋರ್ ನೀರಲ್ಲಿ ಸೋಪು ನೊರೆ ಏಳಲ್ಲ, ಫಿಲ್ಟರ್ ನೀರು ಒಂದು ಲೋಟ ಬಿಸಿ ಮಾಡ್ಕೊಳ್ಳಿ.

ಹೋದ ವರ್ಷ ಒಬ್ಬ ಹುಡುಗ, ಅರಿಶಿನ ಶಾಸ್ತ್ರದ ದಿನ ಬೆಳಿಗ್ಗೆ, ಭಾವಮೈದ ಗಿಫ್ಟ್ ಕೊಟ್ಟ ಹೊಸ ರೇಜರಲ್ಲಿ ತಾನೇ ಶೇವ್ ಮಾಡ್ಕೊಂಡಿದಾನೆ. ಏಳು ಕಡೆ ಗಾಯ, ನಾನೇ ಎಣಿಸಿದ್ದು. ಪಟಿಕ ಒದ್ದೆ ಮಾಡಿ ಹಚ್ಚಿ ರಕ್ತ ನಿಲ್ಲಿಸ್ದೆ, ಅದರ ಮೇಲೆ ಮಧ್ಯಾಹ್ನ ಅತ್ತೆ ಚಿಕ್ಕಮ್ಮಂದಿರೆಲ್ಲಾ ಸೇರಿ ಕೆನ್ನೆಗೆ ಅರಿಶಿನ ಉಜ್ಜಿದ್ರಂತೆ. ಫೋಟೋದಲ್ಲಿ ಕಣ್ಣೀರು ಬಂದಿದೆ, ಮನೆಯೋರು ಸಂತೋಷಕ್ಕೆ ಅಂದ್ಕೊಂಡಿದಾರೆ. ಆಮೇಲೆ ಅವನನ್ನ ಕೂರಿಸಿ ತೋರಿಸ್ಕೊಟ್ಟೆ: ಹಿಡಿಯ ತುದೀನ ಹೆಬ್ಬೆರಳು ಮತ್ತೆ ಎರಡು ಬೆರಳಲ್ಲಿ ಹಿಡಿ, ಅಂಗೈಗೆ ಸೇರಿಸ್ಬೇಡ, ಹಾಗೆ ಹಿಡಿದ್ರೆ ಒತ್ತೋಕೆ ಅಷ್ಟು ಬಲವೇ ಸಿಗಲ್ಲ. ಮುಚ್ಚಳ ಕೆನ್ನೆಗೆ ತಾಗಿಸು, ರೇಜರಿನ ಹಿಡಿ ಕೆನ್ನೆಯಿಂದ ನೇರ ಹೊರಕ್ಕೆ ಕಡ್ಡಿ ಥರ ಚಾಚಿರ್ಲಿ, ಈಗ ನಿಧಾನ ಕೆಳಗಿಳಿಸು, ಅಂಚು ತಾಗಿದ್ ಕೂಡ್ಲೇ ನಿಲ್ಲಿಸು, ಅದೇ ಕೋನ. ಫ್ಯಾನ್ ಆಫ್ ಮಾಡ್ದೆ, ಸರ್ ಅನ್ನೋ ಸದ್ದು ಕೇಳ್ಲಿ ಅಂತ. ಕೂದಲು ಬೆಳೆದ ದಿಕ್ಕಿಗೇ ಎಳೆಯೋದು, ಎದುರು ದಿಕ್ಕು ತಿಂಗಳಾದ್ಮೇಲೆ, ಕೂದಲು ಗುಂಗುರಾಗಿದ್ರೆ ಎದುರು ದಿಕ್ಕು ಬೇಡವೇ ಬೇಡ, ಒಳಗೊಳಗೇ ಬೆಳೆದು ಗುಳ್ಳೆ ಏಳುತ್ತೆ. ನಾನು ಡಾಕ್ಟರಲ್ಲ, ಕೀವಿನ ಮೊಡವೆ ಇರೋರು, ಶುಗರ್ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಮೊದಲು ಡಾಕ್ಟರ್ ಹತ್ರ ಕೇಳಿ ಆಮೇಲೆ ಇದಕ್ಕೆ ಕೈ ಹಾಕಿ.

ಆ ಹುಡುಗ ಈಗ ತಿಂಗಳಿಗೊಂದ್ಸಲ ಕಟಿಂಗಿಗೆ ಮಾತ್ರ ಬರ್ತಾನೆ, ಗಡ್ಡದ ದುಡ್ಡು ನಂಗೆ ಹೋಯ್ತು. ಬರೋವಾಗ ಹಳೇ ಬ್ಲೇಡ್ ತುಂಬಿದ ಬೋರ್ನ್‌ವಿಟಾ ಡಬ್ಬ ತಂದು ನನ್ ಡಬ್ಬಕ್ಕೆ ಸುರೀತಾನೆ, ಕಸದ ಗಾಡಿ ಅಮ್ಮನ ಕೈ ಕುಯ್ಯಬಾರ್ದು ಅಂತ.