ಗೇ ಆಗಿರೋದಕ್ಕೂ ವಲಸೆಗೂ ಏನ್ ಸಂಬಂಧ?

ಓದುಗರೊಬ್ರ ಪ್ರಶ್ನೆ: "ಕ್ವಿಯರ್ ಡಯಾಸ್ಪೊರಾ ಸಿನಿಮಾ ಅಂತ ಬರೀತಿರ್ತೀರಲ್ಲ, ಪರದೇಶದಲ್ಲಿ ನೆಲೆಸೋದು ಒಂದು ಕಥೆ, ಗೇ ಆಗಿರೋದು ಇನ್ನೊಂದು, ಎರಡಕ್ಕೂ ಯಾಕೆ ಗಂಟು ಹಾಕ್ತೀರಿ?"

ಕ್ವಿಯರ್ ಅಂದ್ರೆ ಗೇ, ಲೆಸ್ಬಿಯನ್ ಮುಂತಾದವರು, ಡಯಾಸ್ಪೊರಾ ಅಂದ್ರೆ ತಾಯ್ನಾಡು ಬಿಟ್ಟು ಬೇರೆ ಕಡೆ ನೆಲೆಸಿದ ಸಮುದಾಯ. ಇವೆರಡರ ಗಂಟು ನಾನ್ ಹಾಕಿದ್ದಲ್ಲ ಮಾರಾಯ್ರೆ. ರಿಚರ್ಡ್ ಫಂಗ್ ಅಂತ ಒಬ್ರಿದಾರೆ, 1954ರಲ್ಲಿ ಕೆರಿಬಿಯನ್ ದ್ವೀಪ ಟ್ರಿನಿಡಾಡ್‌ನ ಚೀನೀ ಕುಟುಂಬದಲ್ಲಿ ಹುಟ್ಟಿ ಕೆನಡಾದ ಟೊರಾಂಟೋ ಸೇರಿದವರು, ವಿಡಿಯೋನೂ ಮಾಡ್ತಾರೆ, ಕಾಲೇಜಲ್ಲಿ ಪಾಠಾನೂ ಹೇಳಿದಾರೆ. 1984ರಲ್ಲೇ ಟೊರಾಂಟೋದ 14 ಜನ ಏಷ್ಯನ್ ಗೇ, ಲೆಸ್ಬಿಯನ್‌ಗಳನ್ನ ಕ್ಯಾಮೆರಾ ಮುಂದೆ ಕೂರಿಸಿ ಮಾತಾಡಿಸಿದ್ರು, ಆ ಸಾಕ್ಷ್ಯಚಿತ್ರದ ಹೆಸರು 'ಓರಿಯೆಂಟೇಷನ್ಸ್'. ಅದರಲ್ಲಿ 7 ಜನರನ್ನ ಮತ್ತೆ ಹುಡ್ಕೊಂಡ್ ಹೋಗಿ 2016ರಲ್ಲಿ 'ರೀ:ಓರಿಯೆಂಟೇಷನ್ಸ್' ಮಾಡಿದ್ರು.

ಇಕ್ಕಟ್ಟು ಎಲ್ಲಿ ಅಂದ್ರೆ, ಬಿಳಿಯರ ಊರಲ್ಲಿ ನಿಮ್ಮವರು ಅಂತ ಇರೋದೇ ಮನೆಯವರು, ನಾಲ್ಕು ಜನ ನೆಂಟರು, ಬೀದೀಲಿ ಯಾರಾದ್ರೂ ಚೀನೀ ಅಂತ ಹೀಯಾಳಿಸಿದ್ರೆ ಓಡಿ ಬರೋದು ಆ ಮನೆಗೇ, ಆದ್ರೆ ಎಷ್ಟೋ ಜನಕ್ಕೆ ಬಾಯಿ ಬಿಡೋಕಾಗದೇ ಇರೋದೂ ಅಲ್ಲೇ. ಸರಿ, ಗೇ ಬಾರ್‌ಗೆ ಹೋಗೋಣ ಅಂದ್ರೆ ಅಲ್ಲಿ ಮತ್ತೆ ನೀವು 'ಏಷ್ಯನ್'. ಅಮೆರಿಕದ ಗೇ ಪೋರ್ನ್ ವಿಡಿಯೋಗಳಲ್ಲಿ ಏಷ್ಯನ್ ಗಂಡಸಿಗೆ ಯಾವಾಗ್ಲೂ ಬಿಳಿಯನ ಆಸೆ ತೀರಿಸೋ ಮೆತ್ತನೆ ಪಾತ್ರಾನೇ ಯಾಕೆ ಅಂತ ಫಂಗ್ 1991ರಲ್ಲಿ ಒಂದು ಪ್ರಬಂಧ ಬರೆದ್ರು. ಶೀರ್ಷಿಕೆ ಇಲ್ಲಿ ಹಾಕಿದ್ರೆ ನಮ್ಮಮ್ಮ ಓದ್ತಾರೆ, ನೀವೇ ಹುಡುಕ್ಕೊಳ್ಳಿ.

ನಂಗೆ ಇವೆಲ್ಲಕ್ಕಿಂತ ತಟ್ಟಿದ್ದು ಫಂಗ್ ಅವರದ್ದೇ ವಿಡಿಯೋ 'ಸೀ ಇನ್ ದ ಬ್ಲಡ್', 2000ದ್ದು. ಅವರ ಸೋದರಿ ನ್ಯಾನ್‌ಗೆ ಥಲಸ್ಸೀಮಿಯಾ ಅನ್ನೋ ಹುಟ್ಟಿನಿಂದಲೇ ಬರೋ ರಕ್ತದ ಕಾಯಿಲೆ ಇತ್ತು, ಗ್ರೀಕ್‌ನಲ್ಲಿ ಆ ಪದ ಬಿಡಿಸಿದ್ರೆ ಸಮುದ್ರ, ರಕ್ತ ಅಂತ ಬರುತ್ತೆ, ಹೆಸರು ಅಲ್ಲಿಂದಾನೇ. ಎರಡು ಪ್ರಯಾಣ ಇದೆ ಅದರಲ್ಲಿ. 1962ರಲ್ಲಿ ಪುಟ್ಟ ರಿಚರ್ಡ್ ನ್ಯಾನ್ ಜೊತೆ ಇಂಗ್ಲೆಂಡಿಗೆ ಹೋಗ್ತಾನೆ, ಅಲ್ಲಿನ ದೊಡ್ಡ ರಕ್ತತಜ್ಞರಿಗೆ ತೋರಿಸೋಕೆ. 1977ರಲ್ಲಿ ಅದೇ ರಿಚರ್ಡ್ ತನ್ನ ಸಂಗಾತಿ ಟಿಮ್ ಜೊತೆ ಯುರೋಪಿಂದ ಏಷ್ಯಾ ಕಡೆ ಹೊರಡ್ತಾನೆ, ದಾರಿಯುದ್ದಕ್ಕೂ ಪ್ರೀತಿ ಗಟ್ಟಿಯಾಗ್ತಾ ಹೋಗುತ್ತೆ, ವಾಪಸ್ ಬರೋದ್ರೊಳಗೆ ನ್ಯಾನ್ ಹೋಗ್ಬಿಟ್ಟಿರ್ತಾಳೆ. ಮುಂದೆ ಟಿಮ್‌ಗೆ ಏಡ್ಸ್, ಮತ್ತೆ ರಕ್ತದ ಕಾಯಿಲೆ, ಮತ್ತೆ ಹಾಸಿಗೆ ಪಕ್ಕ ಕೂರೋದು. ಈಗ ನೀವೇ ಹೇಳಿ, ಆ 1977ರ ಟ್ರಿಪ್ಪು ಗೇ ಕಥೆನಾ ವಲಸೆ ಕಥೆನಾ? ನಂಗಂತೂ ಬಿಡಿಸೋಕಾಗ್ಲಿಲ್ಲ.

ಮನಸ್ಸು ಭಾರ ಆದ್ರೆ ಫಂಗ್ ಅವರದ್ದೇ 2012ರ 'ದಾಲ್ ಪುರಿ ಡಯಾಸ್ಪೊರಾ' ನೋಡಿ. ಬೇಳೆ ತುಂಬಿದ ರೊಟ್ಟಿ ಕೂಲಿಗಳ ಜೊತೆ ಇಂಡಿಯಾದಿಂದ ಟ್ರಿನಿಡಾಡ್‌ಗೆ, ಅಲ್ಲಿಂದ ಟೊರಾಂಟೋಗೆ ಹೋದ ಕಥೆ. ಲಟ್ಟಿಸೋದು ನೋಡಿ ನಮ್ಮಮ್ಮ ಕೇಳಿದ್ದು ಒಂದೇ, "ಹೋಳಿಗೆಗೆ ಬೆಲ್ಲಾನೇ ಹಾಕಿಲ್ವಲ್ಲೋ?"