ಫೇಲ್‌ಸೇಫ್: ಸಂಪರ್ಕ ಕಡಿದ ಗ್ಲೈಡರ್ ಏನು ಮಾಡಬೇಕು?

ನೆಲದಿಂದ ಹಾರಿಸುವ ಮಾಡೆಲ್ ವಿಮಾನದ ರೇಡಿಯೋ ಸಂಪರ್ಕ ತಪ್ಪಿದಾಗ ಅದರ ಸರ್ವೋಗಳೂ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಿಸುವ ಪುಟ್ಟ ಯಂತ್ರಗಳು) ಮೋಟಾರೂ ಯಾವ ಸ್ಥಿತಿಗೆ ಹೋಗಬೇಕೆಂದು ಮೊದಲೇ ರಿಸೀವರ್‌ಗೆ ಹೇಳಿಟ್ಟಿರುವುದೇ ಫೇಲ್‌ಸೇಫ್. ಹೆಸರು ಕೇಳಿದರೆ ಮಾಡೆಲನ್ನು ಕಾಪಾಡುವ ಉಪಾಯ ಅನ್ನಿಸುತ್ತದೆ. ಮಾಡೆಲ್ ಉಳಿದರೆ ಅದೃಷ್ಟ. ಹತೋಟಿ ತಪ್ಪಿದ ಗ್ಲೈಡರ್ ದೂರ ಹೋಗದೆ, ವೇಗ ಏರಿಸಿಕೊಳ್ಳದೆ, ಹಾರಿಸುತ್ತಿದ್ದ ಬಯಲಿನಲ್ಲೇ ಇಳಿಯಲಿ ಎಂಬುದಕ್ಕೆ ಇದನ್ನು ಇಡುವುದು.

2.4 ಗಿಗಾಹರ್ಟ್ಸ್ ರಿಸೀವರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಆಯ್ಕೆಗಳು ಮೂರು. ‘ಹೋಲ್ಡ್’ ಇಟ್ಟರೆ ಕೊನೆಯ ಬಾರಿ ತಲುಪಿದ ಸ್ಥಿತಿಯಲ್ಲೇ ಎಲ್ಲ ಸರ್ವೋಗಳು ನಿಲ್ಲುತ್ತವೆ. ‘ಪ್ರೀಸೆಟ್’ ಇಟ್ಟರೆ ನಾವು ಉಳಿಸಿಟ್ಟ ಸ್ಥಿತಿಗೆ ಹೋಗುತ್ತವೆ. ‘ನೋ ಪಲ್ಸ್’ನಲ್ಲಿ ರಿಸೀವರ್ ಸುಮ್ಮನಾಗುತ್ತದೆ, ಸರ್ವೋಗಳ ಹಿಡಿತ ಸಡಿಲವಾಗಬಹುದು, ವೇಗದಲ್ಲಿದ್ದ ರೆಕ್ಕೆಯ ಹಿಂಬದಿಯ ಅಲುಗುವ ಪಟ್ಟಿಗಳಾದ ಐಲರಾನ್‌ಗಳು ಪಟಪಟನೆ ಬಡಿದುಕೊಳ್ಳಲೂಬಹುದು. ಗ್ಲೈಡರ್‌ಗೆ ಬೇಕಾದದ್ದು ಪ್ರೀಸೆಟ್.

ಮೋಟಾರ್ ವಿಮಾನಗಳಿಗೆ ಈ ಸಂಗತಿ ಸರಳ. ಬ್ರಿಟನ್ನಿನ ಮಾಡೆಲ್ ಹಾರಾಟಗಾರರ ಸಂಘ ಬಿಎಂಎಫ್ಎ ತನ್ನ ಕೈಪಿಡಿಯಲ್ಲಿ ಕನಿಷ್ಠ ಪಕ್ಷ ಎಂಜಿನ್ ಐಡಲ್‌ಗೆ ಇಳಿಯಬೇಕು, ವಿದ್ಯುತ್ ಮೋಟಾರಾದರೆ ನಿಲ್ಲಬೇಕು ಎನ್ನುತ್ತದೆ. ಗ್ಲೈಡರ್‌ಗೆ ಅಷ್ಟು ಸಾಲದು, ಏಕೆಂದರೆ ಅದರ ಮೋಟಾರ್ ಹೇಗಿದ್ದರೂ ಹೆಚ್ಚು ಹೊತ್ತು ನಿಂತೇ ಇರುತ್ತದೆ. 1 ಮೀಟರ್ ಇಳಿಯುವಷ್ಟರಲ್ಲಿ 20 ಮೀಟರ್ ಮುಂದೆ ಸಾಗುವ ಗ್ಲೈಡರ್, 100 ಮೀಟರ್ ಎತ್ತರದಲ್ಲಿ ಹೋಲ್ಡ್‌ಗೆ ಬಿದ್ದು ನೇರ ಹೊರಟರೆ 2 ಕಿಲೋಮೀಟರ್ ಆಚೆ ಇಳಿಯುತ್ತದೆ. ನಡುವೆ ಬಿಸಿಗಾಳಿಯ ಥರ್ಮಲ್ ಸಿಕ್ಕಿತೋ, ಎಲ್ಲಿ ಇಳಿಯುತ್ತದೆಂದು ಹೇಳುವವರಿಲ್ಲ. ಯಲಹಂಕ, ಜಕ್ಕೂರು, ಎಚ್‌ಎಎಲ್ ಎಂದು ಸುತ್ತಲೂ ವಿಮಾನ ನೆಲೆಗಳಿರುವ ಬೆಂಗಳೂರಿನಂಥ ಊರಿನ ಬಳಿ ಆ 2 ಕಿಲೋಮೀಟರ್ ಸಣ್ಣ ದೂರವಲ್ಲ.

ಹಾಗಾಗಿ ಗ್ಲೈಡರ್‌ನ ಫೇಲ್‌ಸೇಫ್ ಎತ್ತರವನ್ನು ಕರಗಿಸಬೇಕು. ರೆಕ್ಕೆಯ ಮೇಲೆದ್ದು ಗಾಳಿಗೆ ಅಡ್ಡ ನಿಲ್ಲುವ ಸ್ಪಾಯ್ಲರ್ ಇದ್ದರೆ ಪೂರ್ತಿ ತೆರೆದಿಡಿ. ನಾಲ್ಕು ಸರ್ವೋ ರೆಕ್ಕೆಯಾದರೆ ರೆಕ್ಕೆಯ ಒಳಬದಿಯ ಪಟ್ಟಿಯಾದ ಫ್ಲ್ಯಾಪ್ ಕೆಳಗೆ, ಐಲರಾನ್ ತುಸು ಮೇಲೆ ಇರುವ ಬಟರ್‌ಫ್ಲೈ ಬ್ರೇಕ್ ಸರಿ. ಹಲವರು ಎಡವುವುದು ಮೂಗನ್ನು ಏರಿಳಿಸುವ ಬಾಲದ ಪಟ್ಟಿ ಎಲಿವೇಟರ್‌ನಲ್ಲಿ. ಬ್ರೇಕ್ ತೆರೆದಾಗ ಮೂಗು ಮೇಲೇಳುತ್ತದೆ, ಅದನ್ನು ತಡೆಯಲು ನಮ್ಮ ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನ ಮಿಕ್ಸ್ (ಒಂದನ್ನು ಅಲುಗಿಸಿದರೆ ಇನ್ನೊಂದೂ ತಾನಾಗಿ ಅಲುಗುವ ಸೆಟ್ಟಿಂಗ್) ಎಲಿವೇಟರನ್ನು ಸ್ವಲ್ಪ ಕೆಳಗೆ ತಳ್ಳುತ್ತಿರುತ್ತದೆ. ಸಂಪರ್ಕ ಕಡಿದ ಮೇಲೆ ಆ ಮಿಕ್ಸ್ ಎಲ್ಲಿಂದ ಬರಬೇಕು? ಫ್ಲ್ಯಾಪನ್ನಷ್ಟೇ ಉಳಿಸಿ ಎಲಿವೇಟರನ್ನು ನಡುವೆ ಬಿಟ್ಟರೆ ಗ್ಲೈಡರ್ ಮೂಗೆತ್ತಿ, ವೇಗ ಕಳೆದುಕೊಂಡು ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ತಪ್ಪಿ, ಬೀಳುತ್ತದೆ. ಬ್ರೇಕ್ ಪೂರ್ತಿ ಎಳೆದು, ಎಲ್ಲ ಚಾನೆಲ್‌ಗಳೂ ಅವವುಗಳ ಜಾಗದಲ್ಲಿರುವಾಗ ಒಟ್ಟಿಗೆ ಉಳಿಸಬೇಕು. ಉಳಿಸುವ ಮೊದಲು ಇದೇ ಸ್ಥಿತಿಯನ್ನು 60–70 ಮೀಟರ್ ಎತ್ತರದಲ್ಲಿ ಕೈಯಾರೆ ಹಾಕಿ, ಟ್ರಾನ್ಸ್‌ಮಿಟರ್‌ನ ಉಳಿದ ಕಡ್ಡಿಗಳನ್ನು ಮುಟ್ಟದೆ ನೋಡಿದರೆ ಅನುಮಾನ ಉಳಿಯುವುದಿಲ್ಲ.

ಬ್ರೇಕ್ ಇಲ್ಲದ, ರಡ್ಡರ್ (ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಮತ್ತು ಎಲಿವೇಟರ್ ಮಾತ್ರ ಇರುವ ಗ್ಲೈಡರ್‌ಗೆ ಅಗಲವಾದ ಸುತ್ತು ಹಾಕಿಸುವುದೇ ದಾರಿ: ರಡ್ಡರ್ ಕಾಲು ಭಾಗದಷ್ಟು ಒಂದು ಕಡೆಗೆ, ಎಲಿವೇಟರ್ ಎಳ್ಳಷ್ಟು ಮೇಲಕ್ಕೆ. ಪೂರ್ತಿ ರಡ್ಡರ್ ಕೊಟ್ಟರೆ ಅದು ಸುರುಳಿ ಸುತ್ತುತ್ತ ವೇಗ ಹೆಚ್ಚಿಸಿಕೊಂಡು ನೆಲಕ್ಕೆ ಬಡಿಯುತ್ತದೆ. ಸುತ್ತು ಹಾಕುವ ಗ್ಲೈಡರೂ ಗಾಳಿಯೊಂದಿಗೆ ಜರುಗುತ್ತದೆಂಬುದು ನೆನಪಿರಲಿ. ಸೆಕೆಂಡಿಗೆ 1 ಮೀಟರ್ ಇಳಿಯುತ್ತಿದ್ದರೆ 100 ಮೀಟರ್ ಇಳಿಯಲು 100 ಸೆಕೆಂಡ್. ಸೆಕೆಂಡಿಗೆ 5 ಮೀಟರ್ ಗಾಳಿ ಅಷ್ಟರಲ್ಲಿ ಅದನ್ನು 500 ಮೀಟರ್ ಒಯ್ದಿರುತ್ತದೆ. ಗಾಳಿ ಹೋಗುವ ದಿಕ್ಕಿನಲ್ಲಿ ರಸ್ತೆಯೋ ಶಾಲೆಯೋ ಇದ್ದರೆ ಇನ್ನೊಂದು ಬಯಲು ಹುಡುಕುವುದು ಲೇಸು.

ಮೋಟಾರಿಲ್ಲದ ಗ್ಲೈಡರ್‌ಗಳಲ್ಲಿ ಥ್ರಾಟಲ್ (ಮೋಟಾರ್ ವೇಗದ) ಕಡ್ಡಿಯನ್ನೇ ಬ್ರೇಕ್‌ಗೆ ಬಳಸುವ ರೂಢಿ. ಕೆಲವು ರಿಸೀವರ್‌ಗಳು ಬೈಂಡ್ ಮಾಡುವ, ಅಂದರೆ ಟ್ರಾನ್ಸ್‌ಮಿಟರ್‌ಗೆ ಜೋಡಿಸುವ ಹೊತ್ತಿಗೆ ಥ್ರಾಟಲ್ ಚಾನೆಲ್ ಎಲ್ಲಿದೆಯೋ ಅದನ್ನೇ ಫೇಲ್‌ಸೇಫ್ ಎಂದು ಬರೆದುಕೊಂಡು, ಉಳಿದವನ್ನು ಹೋಲ್ಡ್‌ನಲ್ಲಿ ಬಿಡುತ್ತವೆ. ಆಗ ಬ್ರೇಕ್ ಮುಚ್ಚಿದ್ದರೆ, ಸಂಪರ್ಕ ಕಡಿದಾಗಲೂ ಮುಚ್ಚಿಯೇ ಇರುತ್ತದೆ. ಮತ್ತೆ ಬೈಂಡ್ ಮಾಡಿದಾಗ, ಸರ್ವೋ ದಿಕ್ಕು ತಿರುಗಿಸಿದಾಗ ಹಳೆಯ ಸೆಟ್ಟಿಂಗ್ ಸರಿಯಾಗಿಯೇ ಉಳಿದಿದೆ ಎಂದು ನಂಬಬೇಡಿ.

ಪರೀಕ್ಷೆಗೆ ಎರಡು ನಿಮಿಷ ಸಾಕು. ಪ್ರೊಪೆಲ್ಲರ್ ಬಿಚ್ಚಿ, ಗ್ಲೈಡರನ್ನು ಒಬ್ಬರು ಗಟ್ಟಿಯಾಗಿ ಹಿಡಿದಿರಲಿ. ಬ್ರೇಕ್ ಮುಚ್ಚಿ, ಮೋಟಾರನ್ನು ನಿಧಾನವಾಗಿ ತಿರುಗಿಸಿ, ಟ್ರಾನ್ಸ್‌ಮಿಟರ್ ಆರಿಸಿ. ಒಂದೆರಡು ಸೆಕೆಂಡಿನಲ್ಲಿ ಮೋಟಾರ್ ನಿಂತು ಬ್ರೇಕ್ ತೆರೆಯಬೇಕು, ಎಲಿವೇಟರ್ ಉಳಿಸಿದ ಜಾಗಕ್ಕೆ ಬರಬೇಕು. ಏನೂ ಅಲುಗದಿದ್ದರೆ ಅದು ಹೋಲ್ಡ್‌ನಲ್ಲಿದೆ.

ರಿಸೀವರ್‌ನ ವಿದ್ಯುತ್ತೇ ಹೋದರೆ ಮಾತ್ರ ಫೇಲ್‌ಸೇಫ್ ಕೆಲಸ ಮಾಡುವುದಿಲ್ಲ, ಆಜ್ಞೆ ಕೊಡಬೇಕಾದದ್ದೇ ಸತ್ತಿರುತ್ತದೆ. ಆರು ಡಿಜಿಟಲ್ ಸರ್ವೋಗಳು ಒಮ್ಮೆಲೇ ಎಳೆದಾಗ ರಿಸೀವರ್‌ಗೂ ಸರ್ವೋಗಳಿಗೂ ವಿದ್ಯುತ್ ಕೊಡುವ ಚಿಕ್ಕ ಬಿಇಸಿ ಸೋತು ವೋಲ್ಟೇಜ್ ಕುಸಿಯುತ್ತದೆ; ಬ್ರೇಕ್ ತೆರೆಯುವ ಗಳಿಗೆಯೇ ಅದಕ್ಕೆ ಹೆಚ್ಚು ಭಾರ. ಕಾರ್ಬನ್ ಒಡಲಿನ ಗ್ಲೈಡರ್‌ಗಳಲ್ಲಿ ಸಂಪರ್ಕ ಕಡಿಯಲು ಇನ್ನೊಂದು ಕಾರಣವೂ ಇದೆ, ಕಾರ್ಬನ್ 2.4 ಗಿಗಾಹರ್ಟ್ಸ್ ಅಲೆಯನ್ನು ತಡೆಯುತ್ತದೆ. ಆಂಟೆನಾ ತುದಿಯ ಸುಮಾರು 31 ಮಿಲಿಮೀಟರ್ ಬರಿಯ ಎಳೆ ಒಡಲಿನ ಹೊರಗಿರಬೇಕು, ಎರಡು ಆಂಟೆನಾ ಇದ್ದರೆ ಒಂದಕ್ಕೊಂದು 90 ಡಿಗ್ರಿಯಲ್ಲಿ.